ಅತ್ತೆಯವರ ಕೊಡೆ ಒಳಗೆ ಬಂದದ್ದು

ಮನುಷ್ಯನಿಗೆ ಹುದ್ದೆ ಸಿಗುವುದು ಒಂದು ಸಂಗತಿ. ಆ ಹುದ್ದೆಯ ಹೆಸರನ್ನು ಹಿತ್ತಾಳೆಯ ತಗಡಿನಲ್ಲಿ ಕೊರೆಸಿ ಮನೆಯ ಬಾಗಿಲಿಗೆ ಜಡಿಯುವುದು ಇನ್ನೊಂದು. ಮೊದಲನೆಯದರಿಂದ ಯಾರಿಗೂ ಅಪಾಯವಾದದ್ದು ಕೇಳಿಲ್ಲ. ಎರಡನೆಯದರಿಂದ ಏನೇನಾಯಿತು ಎಂಬುದೇ ಇಲ್ಲಿನ ವೃತ್ತಾಂತ.

ಕಾಲೇಜಿನ ನೆಲಮಾಳಿಗೆಯಲ್ಲಿ ರವಾನೆ ವಿಭಾಗವೆಂಬುದೊಂದು ಇತ್ತು. ಅಲ್ಲಿ ಇಪ್ಪತ್ತು ವರ್ಷಗಳಿಂದ ಲಕೋಟೆಗಳಿಗೆ ಅಂಟು ಹಚ್ಚುತ್ತ ಕುಳಿತಿದ್ದ ಗುಮಾಸ್ತರನ್ನು ಪ್ರಾಂಶುಪಾಲರು ಒಂದು ಬೆಳಿಗ್ಗೆ ಮೇಲಕ್ಕೆ ಕರೆಸಿದರು.

"ನೋಡ್ರೀ, ಮೇಲಿನಿಂದ ಆದೇಶ ಬಂದಿದೆ. ಹೊಸದಾಗಿ ಸೇರೋರು ಏನು ವಿಷಯ ಆರಿಸ್ಕೋತಾರೆ, ಕೊನೆತನಕ ಉಳೀತಾರಾ, ಪದವಿ ಮುಗಿಸ್ತಾರಾ, ಈ ಮೂರನ್ನೂ ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ ನೋಡ್ಬೇಕಂತೆ. ನೂರು ಜನ ಒಳಗೆ ಬರ್ತಾರೆ, ಅರವತ್ತು ಜನ ಪದವಿ ತಗೊಂಡು ಹೊರಗೆ ಹೋಗ್ತಾರೆ. ಮಿಕ್ಕೋರು ಎಲ್ಲಿ ಆವಿಯಾದ್ರು ಅಂತ ಕೇಳಿದ್ರೆ ನಾನೇನು ಹೇಳ್ಲಿ? ಈ ಕೆಲಸ ನಿಮಗೆ."

"ನನಗೇ ಯಾಕೆ ಸಾರ್?"

"ಇಪ್ಪತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದೀರಲ್ಲ. ಉಳಿಯೋದು ಅಂದ್ರೆ ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?"

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಯೋಚಿಸುವಷ್ಟು ವ್ಯವಧಾನ ಗುಮಾಸ್ತರಿಗೆ ಇರಲಿಲ್ಲ. ಹಗಲಿನ ವಿಭಾಗವೆಂಬುದು ಸಮುದ್ರ, ಅದು ಆಮೇಲಿನ ಮಾತು. ಮೊದಲ ವರ್ಷ ಸಂಜೆ ವಿಭಾಗವೆಂಬ ಸಣ್ಣ ಕೊಳದಲ್ಲಿ ಕೈಕಾಲು ಬಡಿದು ನೋಡಿ ಎಂದು ಪ್ರಾಂಶುಪಾಲರು ಅಪ್ಪಣೆ ಕೊಟ್ಟರು. ಹಗಲೆಲ್ಲ ದುಡಿದು ಸಂಜೆ ಓದಲು ಬರುವ ಹಿರಿಯ ವಯಸ್ಸಿನವರ ವಿಭಾಗ ಅದು. ವಾರ ಕಳೆಯುವುದರೊಳಗೆ ಗುಮಾಸ್ತರ ಮನೆಯ ಬಾಗಿಲಲ್ಲಿ 'ವಿದ್ಯಾರ್ಥಿ ಅನುಸರಣಾಧಿಕಾರಿ' ಎಂಬ ತಗಡು ಥಳಥಳಿಸತೊಡಗಿತು.

ಎದುರು ಮನೆಯ ದರ್ಜಿ ಅದನ್ನು ಎರಡು ಸಲ ಓದಿದ. "ಅಧಿಕಾರಿ ಅನ್ನೋದು ಗೊತ್ತಾಯ್ತು ಸ್ವಾಮಿ. ಅನುಸರಣೆ ಅಂದ್ರೆ, ಹುಡುಗರ ಹಿಂದೆ ಹಿಂದೆ ಹೋಗೋದಾ?"

"ಹೋಗೋದಲ್ಲಪ್ಪ. ಗಮನಿಸೋದು."

"ನಮ್ಮ ಅಂಗಡಿ ನಾಯಿನೂ ಅದನ್ನೇ ಮಾಡತ್ತೆ. ಬೋರ್ಡ್ ಒಂದಿಲ್ಲ ಅಷ್ಟೆ."

ಅಂದಿನಿಂದ ಬೀದಿಯವರ ಬಾಯಲ್ಲಿ ಅವರ ಹೆಸರು 'ಬೋರ್ಡಿನವರು' ಎಂದಾಯಿತು. ನಾವೂ ಹಾಗೆಯೇ ಕರೆಯೋಣ.

ಹುದ್ದೆ ದೊರೆತವನಿಗೆ ಸಿದ್ಧಾಂತವೊಂದು ಬೇಡವೇ? ಬೋರ್ಡಿನವರು ಸಂಜೆ ವಿಭಾಗದ ತರಗತಿಯ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕುಳಿತು, ಬರುವವರನ್ನೂ ಹೋಗುವವರನ್ನೂ ನೋಡಿ, ಕೊಡೆ ಸಿದ್ಧಾಂತವನ್ನು ಕಂಡುಹಿಡಿದರು. ತರಗತಿಯ ಹೊರಗೋಡೆಯಲ್ಲಿ ಕೊಡೆ ನೇತುಹಾಕಲು ಮೊಳೆಗಳ ಸಾಲಿತ್ತು. ಕೊಡೆಯನ್ನು ಹೊರಗಿನ ಮೊಳೆಗೆ ಸಿಕ್ಕಿಸುವವನ ಮನಸ್ಸು ಅರ್ಧ ಹೊರಗೇ ಇರುತ್ತದೆ, ಅವನು ಇಂದಲ್ಲ ನಾಳೆ ಓದು ಬಿಡುವವನೇ. ಕೊಡೆಯನ್ನು ಒಳಗೊಯ್ದು ಬೆಂಚಿನ ಕಾಲಿಗೆ ಒರಗಿಸಿ ಕೂರುವವನು ಪದವಿ ಪಡೆದೇ ಏಳುವವನು. ಇದನ್ನು ಕೇಳಿದ ಪ್ರಾಂಶುಪಾಲರು, "ಸರಳವಾಗಿದೆ. ಸರಳವಾಗಿರೋದೆಲ್ಲ ಸತ್ಯವಾಗಿರತ್ತೆ," ಎಂದುಬಿಟ್ಟರು.

ಮನೆಯಾಕೆ ಮಾತ್ರ ತಟ್ಟೆ ಒರೆಸುತ್ತ ಕೇಳಿದರು. "ರೀ, ನೀವು ಎರಡನೇ ವರ್ಷದಲ್ಲಿ ಕಾಲೇಜು ಬಿಟ್ರಲ್ಲ, ಆಗ ನಿಮ್ಮ ಕೊಡೆ ಎಲ್ಲಿತ್ತು?"

"ಆಗ ನನ್ನ ಹತ್ರ ಕೊಡೆಯೇ ಇರಲಿಲ್ಲ," ಎಂದು ಬೋರ್ಡಿನವರು ಗಂಭೀರವಾಗಿ ಉತ್ತರಿಸಿದರು. ಅಪವಾದವಿಲ್ಲದ ಸಿದ್ಧಾಂತ ಉಂಟೇ?

ಈ ಸಂಭ್ರಮದ ನಡುವೆಯೇ ಅತ್ತೆಯವರ ಆಗಮನವಾಯಿತು.

ಅತ್ತೆಯವರು ದೂರವಾಣಿ ವಿನಿಮಯ ಕೇಂದ್ರದಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಎಚ್ಚರಿಸುತ್ತಿದ್ದ ಟ್ರಂಕ್ ಕಾಲ್ ಮಾಯವಾಗಿ ಎಷ್ಟೋ ಕಾಲವಾದರೂ ಅವರ ಕಿವಿಯಿಂದ ಆ ಕಾಲ ಹೋಗಿರಲಿಲ್ಲ. ಅಳಿಯಂದಿರು ಸ್ನಾನಕ್ಕೆ ಹೋದ ಸ್ವಲ್ಪ ಹೊತ್ತಿಗೆ ಬಾಗಿಲ ಹೊರಗಿನಿಂದ ಇಂಪಾದ, ಭಾವವಿಲ್ಲದ ಧ್ವನಿಯೊಂದು ಕೇಳುತ್ತಿತ್ತು: "ಮೂರು ನಿಮಿಷ ಮುಗಿಯಿತು. ಮುಂದುವರಿಸಬೇಕೇ?" ಒಳಗಿನಿಂದ ಬೋರ್ಡಿನವರು ಸೋಪಿನ ನೊರೆಯ ನಡುವೆ, "ಮುಂದುವರಿಸಿ," ಎನ್ನಬೇಕಾಗಿತ್ತು. ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದೆಂದರೆ ಆರಾಮ ಕುರ್ಚಿ. ಆ ಮನೆಯಲ್ಲಿ ಆರಾಮ ಕುರ್ಚಿ ಒಂದೇ. ಬೋರ್ಡಿನವರ ಬೆನ್ನಿನ ಅಚ್ಚು ಅದರಲ್ಲಿ ಮೂಡಿತ್ತು. ಈಗ ಅಲ್ಲಿ ಅತ್ತೆಯವರ ಬೆನ್ನಿನ ಅಚ್ಚು ಮೂಡತೊಡಗಿತ್ತು.

ಆದರೂ ಬೋರ್ಡಿನವರು ಧೈರ್ಯವಾಗಿದ್ದರು. ಕಾರಣ, ಅತ್ತೆಯವರು ಬಂದ ದಿನ ತಮ್ಮ ಕಪ್ಪು ಕೊಡೆಯನ್ನು ಜಗಲಿಯ ಮೊಳೆಗೆ ನೇತುಹಾಕಿದ್ದರು.

"ಹೊರಗಿಟ್ಟಿದ್ದಾರೆ ಕಣೇ," ಎಂದು ಅವರು ಹೆಂಡತಿಯ ಕಿವಿಯಲ್ಲಿ ಉಸುರಿದರು. "ಹೆಚ್ಚು ದಿನ ಇರಲ್ಲ."

ಸಿದ್ಧಾಂತ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕೆಡಿಸಿದ್ದು ಬೋರ್ಡಿನವರ ನಾಲಿಗೆ.

ಒಂದು ಭಾನುವಾರ ಚಹಾದ ಹೊತ್ತಿಗೆ ದರ್ಜಿಯೂ ಇದ್ದ. ಬೋರ್ಡಿನವರು ಗೋಡೆಗೆ ಒರಗಿ, ಮನುಷ್ಯ ಬಾಗಿಲು ದಾಟುವ, ಕೊಡೆ ಇಡುವ ರೀತಿಯಿಂದಲೇ ಅವನ ವಿದ್ಯಾಭವಿಷ್ಯವನ್ನು ತಾವು ಹೇಳಬಲ್ಲೆವೆಂದು ವಿವರಿಸುತ್ತಿದ್ದರು. ಆರಾಮ ಕುರ್ಚಿಯಿಂದ ಪ್ರಶ್ನೆ ಬಂತು.

"ಹಾಗಾದ್ರೆ ನನ್ನನ್ನ ನೋಡಿ ಹೇಳಿ ಅಳಿಯಂದಿರೇ. ಕಾಲೇಜು ಮೆಟ್ಟಿಲು ಹತ್ತೋದರೊಳಗೆ ಮದುವೆ ಆಯ್ತು, ಆಮೇಲೆ ನೌಕರಿ. ಈಗ ಸೇರಿದ್ರೆ ಮುಗಿಸ್ತೀನಾ?"

ಅಳಿಯನಾದವನು ಅತ್ತೆಗೆ ಏನು ಹೇಳಬೇಕೋ ಅದನ್ನೇ ಹೇಳಿದರು. "ನೀವಾ ಅತ್ತೆ? ಮೊದಲನೇ ದರ್ಜೆ. ಅನುಮಾನವೇ ಇಲ್ಲ. ನಿಮ್ಮಂಥವರು ಸೇರಬೇಕು."

ಮಾತಿಗೆ ಹೇಳಿದ್ದು ಅದು. ಉಪಚಾರದ ಮಾತಿಗೂ ಆಹ್ವಾನಕ್ಕೂ ಇರುವ ಅಂತರವನ್ನು ದರ್ಜಿ ಬಲ್ಲ, ಮನೆಯಾಕೆ ಬಲ್ಲರು, ಓದುಗರೂ ಬಲ್ಲರು. ಆದರೆ ಜೀವಮಾನವೆಲ್ಲ ಕರೆಗಳನ್ನು ಜೋಡಿಸಿದ ಅತ್ತೆಯವರ ಪಾಲಿಗೆ ಕರೆ ಎಂದರೆ ಕರೆಯೇ.

ಮರುದಿನ ಸಂಜೆ ಬೋರ್ಡಿನವರು ಎಂದಿನಂತೆ ತರಗತಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದರು. ದಾದಿ ಬಂದಳು, ಮೆಕ್ಯಾನಿಕ್ ಬಂದ, ಬಸ್ ಕಂಡಕ್ಟರ್ ಬಂದ. ಕೊನೆಯಲ್ಲಿ ಮೆಟ್ಟಿಲ ತಿರುವಿನಿಂದ ಮೊದಲು ಒಂದು ಕಪ್ಪು ಕೊಡೆಯ ತುದಿ ಕಾಣಿಸಿತು. ಎಲ್ಲೋ ನೋಡಿದ ಕೊಡೆ ಎಂದುಕೊಳ್ಳುವಷ್ಟರಲ್ಲಿ ಕೊಡೆಯ ಹಿಂದಿನವರೂ ಕಾಣಿಸಿಕೊಂಡರು.

ಅತ್ತೆಯವರು ಮೊಳೆಗಳ ಸಾಲಿನ ಮುಂದೆ ಒಂದು ಗಳಿಗೆ ನಿಂತರು. ಬೋರ್ಡಿನವರ ಉಸಿರೂ ನಿಂತಿತು.

"ಗೊತ್ತು ಗೊತ್ತು," ಎಂದು ಅತ್ತೆಯವರು ಮುಗುಳ್ನಕ್ಕು, ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋಗಿ, ಮೊದಲ ಬೆಂಚಿನ ಕಾಲಿಗೆ ಒರಗಿಸಿದರು. ಆ ರಾತ್ರಿ ಮನೆಯಲ್ಲೂ ಜಗಲಿಯ ಮೊಳೆ ಬರಿದಾಗಿತ್ತು. ಕೊಡೆ ಆರಾಮ ಕುರ್ಚಿಯ ಪಕ್ಕದಲ್ಲಿತ್ತು. ಪದವಿ ಎಂದರೆ ಮೂರು ವರ್ಷ.

ಲೋಕದ ನ್ಯಾಯವೇ ವಿಚಿತ್ರ. ಒಳಗೊಳಗೇ ಕುದಿಯುತ್ತಿದ್ದ ಬೋರ್ಡಿನವರನ್ನು ಹೊರಗೆ ಎಲ್ಲರೂ ತಲೆಯ ಮೇಲೆ ಹೊತ್ತು ಕುಣಿದರು. ಪ್ರಾಂಶುಪಾಲರು ಸಿಬ್ಬಂದಿಯ ಮುಂದೆ, "ಹೆಂಡತಿಯನ್ನು ಓದಿಸಿದವರನ್ನ ನೋಡಿದ್ದೀನಿ. ಅತ್ತೆಯನ್ನು ಓದಿಸ್ತಿರೋ ಅಳಿಯ ಇವರೊಬ್ಬರೇ," ಎಂದು ಸಾರಿದರು. ಔಷಧಿ ಅಂಗಡಿಯವನು ಕರೆದು ಕೈಕುಲುಕಿದ. ಒಬ್ಬ ದರ್ಜಿ ಮಾತ್ರ ಮುಖ ಗಂಟಿಕ್ಕಿಕೊಂಡು ಬಂದ.

"ನನ್ನ ಸಂಸಾರ ಹಾಳು ಮಾಡಿದ್ರಲ್ಲ ಬೋರ್ಡಿನವರೇ."

"ನಾನೇನಪ್ಪ ಮಾಡಿದೆ?"

"ನಮ್ಮ ಅತ್ತೆ ಊರಿಂದ ಬಂದಿದ್ದಾರೆ. 'ಎದುರು ಮನೆ ಅಳಿಯಂದಿರನ್ನ ನೋಡಿ ಕಲೀರಿ' ಅಂತ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೇಳ್ತಾರೆ. ನನ್ನ ಕತ್ತರಿ ಕೈಯಲ್ಲೇ ನಿಲ್ಲಲ್ಲ. ಮೊನ್ನೆ ಒಬ್ಬರ ಅಂಗಿಗೆ ಮೂರು ತೋಳು ಕತ್ತರಿಸಿಬಿಟ್ಟೆ."

ಬೋರ್ಡಿನವರು ಸುಮ್ಮನೆ ಕೂರುವವರಲ್ಲ. ಉಪಾಯವನ್ನು ಉಪಚಾರದಲ್ಲಿ ಸುತ್ತಿ ಕೊಡುವ ಕಲೆ ಅವರಿಗೆ ಸಿದ್ಧಿಸಿತ್ತು. ಐಚ್ಛಿಕ ವಿಷಯವನ್ನು ಆರಿಸಿಕೊಳ್ಳುವ ದಿನ ಬಂದಾಗ ಅತ್ತೆಯವರು ಇತಿಹಾಸದತ್ತ ವಾಲಿದ್ದರು. ಸಂಜೆ ವಿಭಾಗದಲ್ಲಿ ಜನರನ್ನು ಓಡಿಸುವುದಕ್ಕೆ ಹೆಸರುವಾಸಿಯಾದ ವಿಷಯವೆಂದರೆ ಸಂಖ್ಯಾಶಾಸ್ತ್ರ. ಅದಕ್ಕೆ ಸೇರಿದವರಲ್ಲಿ ಅರ್ಧ ಜನ ಸರಾಸರಿ ಎಂಬ ಅಧ್ಯಾಯದಲ್ಲೂ, ಮಿಕ್ಕವರು ಅದರ ಮುಂದಿನ ಅಧ್ಯಾಯದಲ್ಲೂ ಕಾಣೆಯಾಗುತ್ತಿದ್ದರು.

"ಇತಿಹಾಸ ಎಲ್ಲರೂ ಓದ್ತಾರೆ ಅತ್ತೆ. ನಿಮ್ಮ ತಲೆಗೆ ಸಂಖ್ಯಾಶಾಸ್ತ್ರವೇ ಸರಿ. ಅದು ಬುದ್ಧಿವಂತರ ವಿಷಯ."

ಅತ್ತೆಯವರ ಕಣ್ಣು ತುಂಬಿ ಬಂತು. ಮಗಳನ್ನು ಕರೆದು, "ನೋಡೇ, ನಿಮ್ಮಪ್ಪ ಬದುಕಿದ್ದಾಗ ನನಗೆ ಲೆಕ್ಕ ಬರಲ್ಲ ಅಂತ ಹಂಗಿಸ್ತಿದ್ರು. ಇವರಿಗೆ ನನ್ನ ಮೇಲೆ ಎಷ್ಟು ನಂಬಿಕೆ," ಎಂದರು.

ಮಗಳು ಗಂಡನ ಮುಖ ನೋಡಿ, "ಹೌದಮ್ಮ, ನಂಬಿಕೆ ಬಹಳ," ಎಂದು ಒಳಗೆ ಹೋದರು.

ಸಂಖ್ಯಾಶಾಸ್ತ್ರ ಅತ್ತೆಯವರನ್ನು ಓಡಿಸಲಿಲ್ಲ. ಬದಲಾಗಿ ಅತ್ತೆಯವರು ಸಂಖ್ಯಾಶಾಸ್ತ್ರವನ್ನು ಮನೆಗೆ ತಂದರು. ಅಳಿಯಂದಿರ ಗೊರಕೆಯ ಸರಾಸರಿಯನ್ನು ತೆಗೆದರು. ಅವರು ಕಚೇರಿಯಿಂದ ಬೇಗ ಬರುವ ಸಂಭವನೀಯತೆಯನ್ನು ಗುಣಿಸಿ ನೋಡಿ, ಅದು ಮನೆಯಲ್ಲಿ ನೆಂಟರಿಲ್ಲದ ದಿನಗಳಲ್ಲಿ ಹೆಚ್ಚುತ್ತದೆ ಎಂದು ಊಟದ ಹೊತ್ತಿನಲ್ಲಿ ಪ್ರಕಟಿಸಿದರು.

ಇತ್ತ ಕಾಲೇಜಿನಲ್ಲಿ ಇನ್ನೊಂದು ವಿಸ್ಮಯ ನಡೆಯುತ್ತಿತ್ತು. ಪ್ರತಿವರ್ಷ ಈ ಹೊತ್ತಿಗೆ ಬೇಲಿ ಮುರಿದ ತೋಟದಂತೆ ಬರಿದಾಗುತ್ತಿದ್ದ ಸಂಜೆ ವಿಭಾಗ ಈ ಬಾರಿ ಕದಲಿರಲಿಲ್ಲ. ಕಾಣೆಯಾದವರೂ ತಾವಾಗಿಯೇ ಮರಳುತ್ತಿದ್ದರು. ಪಾಳಿ ಬದಲಾಯಿತೆಂದು ಬಿಟ್ಟ ದಾದಿ, ಒಂದು ವಾರದೊಳಗೆ ಇನ್ನೊಬ್ಬಳ ಜೊತೆ ಪಾಳಿ ಬದಲಿಸಿಕೊಂಡು ಬಂದಳು. ಇತಿಹಾಸದಿಂದ ವಾಣಿಜ್ಯಕ್ಕೂ ವಾಣಿಜ್ಯದಿಂದ ಇತಿಹಾಸಕ್ಕೂ ಜಿಗಿದು, ಕೊನೆಗೆ ಎರಡೂ ಬೇಡವೆಂದು ಹೋದ ಮೆಕ್ಯಾನಿಕ್, ಗ್ರೀಸು ಮೆತ್ತಿದ ಕೈಯಲ್ಲೇ ಹಿಂದಿರುಗಿದ.

"ಯಾಕಪ್ಪ ವಾಪಸ್ಸು ಬಂದೆ?" ಎಂದು ಬೋರ್ಡಿನವರು ಕರ್ತವ್ಯನಿಷ್ಠೆಯಿಂದ ವಿಚಾರಿಸಿದರು.

"ಫೋನ್ ಬಂತು ಸಾರ್. ಕಾಲೇಜಿಂದಾನೇ. 'ದಯವಿಟ್ಟು ಲೈನಿನಲ್ಲಿರಿ' ಅಂದ್ರು. ಇದ್ದೆ. ಆಮೇಲೆ ಬಿಡೋಕೆ ಬಿಡ್ಲೇ ಇಲ್ಲ."

ಇಲಾಖೆಯವರು ಏನೋ ವ್ಯವಸ್ಥೆ ಮಾಡಿರಬೇಕೆಂದುಕೊಂಡು ಬೋರ್ಡಿನವರು ಮುಂದೆ ಕೇಳಲಿಲ್ಲ. ಪ್ರಾಂಶುಪಾಲರು ಬೆನ್ನು ತಟ್ಟಿದಾಗ, ತಟ್ಟಿಸಿಕೊಂಡರು.

ಮನೆಯಲ್ಲಿ ಸಹನೆಯ ಕಟ್ಟೆ ಒಡೆದದ್ದು ಒಂದು ಶನಿವಾರ. ಅತ್ತೆಯವರು ಸಹಪಾಠಿಗಳನ್ನೆಲ್ಲ ಅಭ್ಯಾಸಕ್ಕೆಂದು ಮನೆಗೆ ಕರೆದಿದ್ದರು. ಕಂಡಕ್ಟರ್ ಆರಾಮ ಕುರ್ಚಿಯಲ್ಲಿದ್ದ. ಬೋರ್ಡಿನವರು ಒಳಗೆ ಕಾಲಿಟ್ಟಾಗ ಅವನು ಅಭ್ಯಾಸಬಲದಿಂದ, "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಲಬೇಡಿ," ಎಂದ.

ಸೋಮವಾರ ಸಂಜೆ, ಕಚೇರಿ ಖಾಲಿಯಾದ ಮೇಲೆ, ಬೋರ್ಡಿನವರು ಕಾಲೇಜಿನ ದೂರವಾಣಿಯಿಂದ ಪಕ್ಕದ ಊರಿನಲ್ಲಿ ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮನಿಗೆ ಫೋನು ಹಚ್ಚಿದರು.

"ಏನಪ್ಪಾ, ನಾನು ನಿನ್ನ ಭಾವ. ಅಮ್ಮನ್ನ ಸ್ವಲ್ಪ ದಿನ ನಿಮ್ಮನೆಗೆ ಕರ್ಕೊಂಡು ಹೋಗ್ತೀಯಾ?"

"ಅಯ್ಯೋ ಭಾವ, ಅಮ್ಮ ಅಲ್ಲಿ ಓದ್ತಿದ್ದಾರಲ್ಲ. ನಿಮ್ಮ ದೊಡ್ಡ ಮನಸ್ಸನ್ನ ನಾವು ದಿನಾ ನೆನೆಸ್ಕೋತೀವಿ."

"ನನ್ನ ಮನಸ್ಸು ದೊಡ್ಡದಲ್ಲಪ್ಪ. ಮನೆಯೂ ದೊಡ್ಡದಲ್ಲ. ಕುರ್ಚಿ ಅಂತೂ ಇರೋದೇ ಒಂದು..."

ತಂತಿಯ ನಡುವೆ ಇಂಪಾದ, ಭಾವವಿಲ್ಲದ ಧ್ವನಿಯೊಂದು ತೂರಿ ಬಂತು. "ಮೂರು ನಿಮಿಷ ಮುಗಿಯಿತು. ಮುಂದುವರಿಸಬೇಕೇ?"

"ಮುಂದುವರಿಸಿ, ಮುಂದುವರಿಸಿ," ಎಂದು ಬೋರ್ಡಿನವರು ಅದೇ ಓಘದಲ್ಲಿ ನುಡಿದರು. "ಕೇಳಪ್ಪ, ಅವತ್ತು ನಾನು ಏನೋ ಮಾತಿಗೆ ಸೇರಿ ಅಂದೆ. ನಿಜವಾಗಿ ಸೇರಿಬಿಡೋದಾ? ಸಂಖ್ಯಾಶಾಸ್ತ್ರ ಕೊಡಿಸಿದ್ರೆ ಓಡಿಹೋಗ್ತಾರೆ ಅಂದ್ಕೊಂಡೆ, ಅದೂ ಆಗ್ಲಿಲ್ಲ. ಕಾಲೇಜಲ್ಲಿ ಕೂತು ಯಾರೂ ಬಿಟ್ಟು ಹೋಗದಿರಲಪ್ಪಾ ಅಂತ ಬೇಡ್ಕೋತೀನಿ. ಮನೆಗೆ ಬಂದು, ಒಬ್ಬರು ಬಿಟ್ಟು ಹೋದ್ರೆ ಸಾಕಪ್ಪಾ ಅಂತ ಬೇಡ್ಕೋತೀನಿ."

"ನೋಡೋಣ ಭಾವ," ಎಂದು ಆ ಕಡೆ ಫೋನು ಇಟ್ಟಾಯಿತು. ಈ ಕಡೆ ಸಣ್ಣದಾಗಿ 'ಕಟ್' ಎಂಬ ಸದ್ದು.

ಹಗುರವಾದ ಹೃದಯದಿಂದ ಅವರು ಹೋಟೆಲಿನಲ್ಲಿ ಕೂತು ಎರಡು ಲೋಟ ಕಾಫಿ ಕುಡಿದು, ಆಮೇಲೆ ಮನೆಯ ದಾರಿ ಹಿಡಿದರು. ಬೀದಿಯ ತಿರುವಿನಲ್ಲಿ ಒಂದು ಸಣ್ಣ ಸಂದೇಹ ಮೊಳೆಯಿತು. ನೇರವಾಗಿ ಅಂಕಿ ತಿರುಗಿಸಿ ಮಾಡಿದ ಕರೆಯಲ್ಲಿ ಆಪರೇಟರ್ ಎಲ್ಲಿಂದ ಬಂದಳು? ಔಷಧಿ ಅಂಗಡಿಯ ಮುಂದೆ ಅದು ಬೆಳೆಯಿತು. ಕಚೇರಿಯ ದೂರವಾಣಿಗೆ ಗ್ರಂಥಾಲಯದಲ್ಲಿ ಇನ್ನೊಂದು ಕವಲು, ಅದೇ ತಂತಿಯ ಎರಡನೇ ಫೋನು, ಇದೆಯಲ್ಲ? ದರ್ಜಿಯ ಅಂಗಡಿಯ ಮುಂದೆ ಬಂದಾಗ ಅವರು ಓಡುತ್ತಿದ್ದರು. ಗ್ರಂಥಾಲಯದಲ್ಲಿ ಕುಳಿತು, ಬಾರದ ಸಹಪಾಠಿಗಳಿಗೆ ಫೋನು ಮಾಡುತ್ತಿದ್ದವರು ಯಾರು?

ಅತ್ತೆಯವರು ಪೆಟ್ಟಿಗೆ ಕಟ್ಟಿಕೊಂಡು ಜಗಲಿಯಲ್ಲಿ ನಿಂತಿದ್ದರು. ಕೊಡೆ ಕೈಯಲ್ಲಿತ್ತು. ಮುಖದಲ್ಲಿ ಕೋಪವಿರಲಿಲ್ಲ, ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅತ್ತೆ, ಅದು ಏನಾಯ್ತು ಅಂದ್ರೆ..."

"ಸ್ಪಷ್ಟವಾಗಿ ಕೇಳಿಸಿತು ಅಳಿಯಂದಿರೇ. ಲೈನ್ ಚೆನ್ನಾಗಿತ್ತು. ನಾವು ಜೋಡಿಸೋರು, ನಡುವೆ ಕಿವಿಗೊಡಬಾರದು, ನಾನು ಕಿವಿಗೊಟ್ಟೆ. ತಪ್ಪು ನನ್ನದೇ." ಅವರು ಕೊಡೆ ಬಿಚ್ಚಿ ಮೆಟ್ಟಿಲಿಳಿದರು.

ಮನೆಯಾಕೆ ಆ ರಾತ್ರಿ ಗಂಡನೊಡನೆ ಒಂದು ಮಾತನ್ನೂ ಆಡಲಿಲ್ಲ. ಬೋರ್ಡಿನವರು ಆರಾಮ ಕುರ್ಚಿಯಲ್ಲಿ ಕುಳಿತರು. ಅದು ಎಲ್ಲೋ ಒಂದು ಕಡೆ ಚುಚ್ಚುತ್ತಿತ್ತು.

ಬೆಳಿಗ್ಗೆ ಕಾಲೇಜಿಗೆ ಹೋದರೆ ಪ್ರಾಂಶುಪಾಲರು ಬಾಗಿಲಲ್ಲೇ ಕಾದಿದ್ದರು.

"ಬನ್ರೀ, ಬನ್ರೀ. ತನಿಖಾಧಿಕಾರಿಗಳು ಬರ್ತಿದ್ದಾರೆ. ಇಪ್ಪತ್ತು ಜನ ಇಲ್ಲದ ಸಂಜೆ ವಿಭಾಗಗಳನ್ನ ಮುಚ್ಚಿಸ್ತಾರಂತೆ. ನಮಗೇನು ಭಯ? ನಿಮ್ಮ ಕೃಪೆಯಿಂದ ಸರಿಯಾಗಿ ಇಪ್ಪತ್ತು ಜನ ಇದ್ದಾರೆ. ಒಬ್ಬರೂ ಬಿಟ್ಟಿಲ್ಲ ತಾನೇ?"

ಬೋರ್ಡಿನವರು ಮನಸ್ಸಿನಲ್ಲೇ ಇಪ್ಪತ್ತರಿಂದ ಒಂದನ್ನು ಕಳೆದರು. "ಮುಚ್ಚಿದ್ರೆ ನಾನು ಸಾರ್?"

"ನಿಮಗೇನ್ರೀ? ರವಾನೆ ವಿಭಾಗ ಇದ್ದೇ ಇದೆಯಲ್ಲ. ನಿಮ್ಮ ಅಂಟಿನ ಡಬ್ಬಿ ಹಾಗೇ ಇಟ್ಟಿದ್ದೀನಿ."

ಆಗಲೇ ಹತ್ತೊಂಬತ್ತಾಗಿತ್ತು. ಆದರೆ ವಿಪತ್ತು ಒಂಟಿಯಾಗಿ ಬರುವುದಿಲ್ಲ ಎಂಬ ಹಿರಿಯರ ಮಾತು ಸುಳ್ಳಾಗುವುದುಂಟೇ? ಆ ವಾರ ದಾದಿ ಬರಲಿಲ್ಲ. ಮೆಕ್ಯಾನಿಕ್ ಬರಲಿಲ್ಲ. ಕಂಡಕ್ಟರನಿಗೆ ಬೇರೆ ಊರಿಗೆ ವರ್ಗವಾಯಿತು. ಬೋರ್ಡಿನವರು ಸ್ವತಃ ಗ್ಯಾರೇಜಿಗೆ ಹೋಗಿ, ಕಾರಿನ ಅಡಿಯಲ್ಲಿ ಮಲಗಿದ್ದ ಮೆಕ್ಯಾನಿಕ್ಕಿನ ಪಾದಗಳನ್ನು ಉದ್ದೇಶಿಸಿ ವಿದ್ಯೆಯ ಮಹತ್ವದ ಬಗ್ಗೆ ಭಾಷಣ ಮಾಡಿದರು.

"ಬರ್ತಿದ್ದೆ ಸಾರ್," ಎಂದವು ಪಾದಗಳು. "ಆದ್ರೆ ಫೋನ್ ಬರ್ಲಿಲ್ಲ. ಅಮ್ಮ ಫೋನ್ ಮಾಡಿ, ಅಧ್ಯಾಯ ಎಲ್ಲೀತನಕ ಆಯ್ತು, ಯಾಕೆ ಬರ್ಲಿಲ್ಲ, ಊಟ ಆಯ್ತಾ ಅಂತ ಕೇಳೋರು. ನೀವು ಬಂದ್ರೆ ಬರೀ ಬಿಟ್ಯಾ ಇದ್ದೀಯಾ ಅಂತ ಕೇಳ್ತೀರಿ."

ಬೋರ್ಡಿನವರು ನೇರವಾಗಿ ಬಸ್ ನಿಲ್ದಾಣಕ್ಕೆ ನಡೆದರು.

ಭಾವಮೈದುನನ ಗಡಿಯಾರದ ಅಂಗಡಿಯಲ್ಲಿ ಗೋಡೆಯ ತುಂಬ ಗಡಿಯಾರಗಳು, ಒಂದರ ಸಮಯ ಇನ್ನೊಂದಕ್ಕೆ ಒಪ್ಪಿಗೆಯಿಲ್ಲ. ಭಾವನನ್ನು ಕಂಡದ್ದೇ ಅವನು ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ ಓಡಿಬಂದ. ಅವನ ಒಂದು ಕಣ್ಣು ಮುಷ್ಟಿಯಷ್ಟು ದೊಡ್ಡದಾಗಿ ಕಾಣುತ್ತಿತ್ತು, ಅದರಲ್ಲಿ ನೀರಿತ್ತು.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಅಮ್ಮನ್ನ ಕರ್ಕೊಂಡು ಹೋಗಿ. ಬಂದಾಗಿನಿಂದ ಬಿಚ್ಚಿಟ್ಟ ಗಡಿಯಾರ ಒಂದೊಂದನ್ನೇ ತೋರಿಸಿ, ಇದನ್ನ ಯಾಕೆ ಆರಿಸ್ಕೊಂಡೆ, ಯಾಕೆ ಅರ್ಧಕ್ಕೆ ಬಿಟ್ಟೆ, ಯಾವಾಗ ಮುಗಿಸ್ತೀಯಾ ಅಂತ ಕೇಳ್ತಿದ್ದಾರೆ. ನಾನು ಇಷ್ಟು ವರ್ಷದಲ್ಲಿ ಇಷ್ಟು ಗಡಿಯಾರ ರಿಪೇರಿ ಮಾಡಿರಲಿಲ್ಲ."

ಅತ್ತೆಯವರು ಒಳಗಿನ ಕೋಣೆಯಲ್ಲಿ ಸಂಖ್ಯಾಶಾಸ್ತ್ರದ ಪುಸ್ತಕ ಹಿಡಿದು ಗಟ್ಟಿ ಕುರ್ಚಿಯಲ್ಲಿ ಕುಳಿತಿದ್ದರು. ಕೊಡೆ ಬಾಗಿಲ ಹೊರಗಿನ ಮೊಳೆಯಲ್ಲಿತ್ತು. ಅದನ್ನು ಕಂಡು ಬೋರ್ಡಿನವರಿಗೆ ಜೀವ ಬಂದಂತಾಯಿತು.

"ಅತ್ತೆ, ತಪ್ಪಾಯ್ತು. ಕುರ್ಚಿ ಆಸೆಗೆ ಹಾಗೆ ಮಾತಾಡಿಬಿಟ್ಟೆ. ನೀವಿಲ್ಲದೆ ತರಗತಿ ಚದುರಿಹೋಗ್ತಿದೆ. ದಾದಿ ಇಲ್ಲ, ಮೆಕ್ಯಾನಿಕ್ ಇಲ್ಲ, ಕಂಡಕ್ಟರನಿಗೆ ವರ್ಗ, ಇಪ್ಪತ್ತು ಜನ ಇಲ್ದಿದ್ರೆ ವಿಭಾಗ ಮುಚ್ತಾರೆ. ನಾನು ಸ್ಟೂಲ್ ಹಾಕ್ಕೊಂಡು ಎಣಿಸ್ತಾ ಕೂತಿದ್ದೆ ಅಷ್ಟೆ. ಹಿಡಿದಿಟ್ಟಿದ್ದು ನೀವು. ನಿಮ್ಮ ಮಗಳು ಬೇರೆ ನನ್ನ ಹತ್ರ ಮಾತಾಡ್ತಿಲ್ಲ. ವಿಭಾಗ ಮುಚ್ಚಿದ್ರೆ ಬಾಗಿಲಿಂದ ಬೋರ್ಡ್ ಕಿತ್ತು ಮತ್ತೆ ಅಂಟು ಹಚ್ಚೋಕೆ ಹೋಗ್ಬೇಕು. ದರ್ಜಿ ಏನಂತಾನೆ? ಔಷಧಿ ಅಂಗಡಿಯವನು ಏನಂತಾನೆ? ನನಗೋಸ್ಕರ ಅಲ್ದಿದ್ರೂ, ನಿಮ್ಮ ಪದವಿಗೋಸ್ಕರ..."

ಅತ್ತೆಯವರು ಪುಸ್ತಕದಿಂದ ತಲೆಯೆತ್ತಲಿಲ್ಲ. "ಮೂರು ನಿಮಿಷ ಮುಗಿಯಿತು. ಮುಂದುವರಿಸಬೇಕೇ?"

ಗೋಡೆಯ ಮೇಲೆ ಗಡಿಯಾರಗಳೆಲ್ಲ ಬೇರೆಬೇರೆ ಗಂಟೆ ಬಾರಿಸಿದವು.

"ಮುಂದುವರಿಸಿ ಅತ್ತೆ," ಎಂದರು ಬೋರ್ಡಿನವರು. "ಮೂರು ವರ್ಷ."

ಅತ್ತೆಯವರು ಪುಸ್ತಕ ಮುಚ್ಚಿದರು. "ದಾದಿಗೂ ಮೆಕ್ಯಾನಿಕ್ಕಿಗೂ ನಾನು ಹೇಳ್ತೀನಿ, ಬರ್ತಾರೆ. ಕಂಡಕ್ಟರ್ ಹೋದ. ನನ್ನನ್ನೂ ಸೇರಿಸಿದ್ರೆ ಎಷ್ಟಾಯ್ತು?"

ಬೋರ್ಡಿನವರು ಬೆರಳು ಮಡಿಸಿದರು. ಮತ್ತೊಮ್ಮೆ ಮಡಿಸಿದರು. ಮುಖ ಬಾಡಿತು. "ಹತ್ತೊಂಬತ್ತು. ಒಬ್ಬರು ಕಡಿಮೆ. ತನಿಖೆ ದಿನದ ತನಕ ಸೇರಿಸ್ಕೋಬಹುದು, ಆದ್ರೆ ಈಗ ಯಾರು ಸಿಗ್ತಾರೆ?"

"ಒಬ್ಬರಿದ್ದಾರಲ್ಲ. ಎರಡನೇ ವರ್ಷದಲ್ಲಿ ಬಿಟ್ಟವರು. ಎಲ್ಲಿ ಆವಿಯಾದ್ರು ಅಂತ ಯಾರೂ ಹುಡುಕಲೇ ಇಲ್ಲ."

ಬೋರ್ಡಿನವರು ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ನನಗೆ ಈ ವಯಸ್ಸಲ್ಲಿ..."

"ನಿಮಗಿಂತ ನಾನು ಎಷ್ಟು ದೊಡ್ಡವಳು ಅಂತ ಲೆಕ್ಕ ಹಾಕಿ ಹೇಳ್ಲಾ?"

"ಬೇಡ ಅತ್ತೆ. ಹಾಗಾದ್ರೆ ಇತಿಹಾಸ ತಗೋತೀನಿ."

"ಇತಿಹಾಸ ಎಲ್ಲರೂ ಓದ್ತಾರೆ. ನಿಮ್ಮ ತಲೆಗೆ ಸಂಖ್ಯಾಶಾಸ್ತ್ರವೇ ಸರಿ ಅಳಿಯಂದಿರೇ. ಅದು ಬುದ್ಧಿವಂತರ ವಿಷಯ."

ತನಿಖೆಯ ದಿನ ಬಂತು. ತನಿಖಾಧಿಕಾರಿಗಳು ಮಾತು ಕಡಿಮೆಯ, ಕನ್ನಡಕ ದಪ್ಪದ ಮನುಷ್ಯರು. ಪ್ರಾಂಶುಪಾಲರು ಅವರನ್ನು ತರಗತಿಯ ಬಾಗಿಲಿಗೆ ಕರೆತಂದು, ಸ್ಟೂಲು ಖಾಲಿಯಿದ್ದುದನ್ನು ಕಂಡು ಸ್ವಲ್ಪ ಗಲಿಬಿಲಿಗೊಂಡು, ತಾವೇ ಕೊಡೆ ಸಿದ್ಧಾಂತವನ್ನು ವಿವರಿಸತೊಡಗಿದರು. "ನೋಡಿ ಸಾರ್, ಹೊರಗಿನ ಮೊಳೆ ಎಲ್ಲಾ ಖಾಲಿ. ಅಂದ್ರೆ ಇಲ್ಲಿ ಒಬ್ಬರೂ ಬಿಟ್ಟುಹೋಗೋ ಪೈಕಿ ಅಲ್ಲ. ನಮ್ಮ ಅನುಸರಣಾಧಿಕಾರಿಗಳು ಕಂಡುಹಿಡಿದದ್ದು. ಒಂದು ಸಲವೂ ಸುಳ್ಳಾಗಿಲ್ಲ."

ತನಿಖಾಧಿಕಾರಿಗಳು ಒಳಗೆ ಕಣ್ಣಾಡಿಸಿ ಎಣಿಸಿದರು. ಹಿಂದಿನ ಬೆಂಚುಗಳಿಂದ ಎಣಿಸಿದರು, ಮುಂದಿನಿಂದ ಎಣಿಸಿದರು. ದಾದಿ ಇದ್ದಳು, ಮೆಕ್ಯಾನಿಕ್ ಇದ್ದ, ಅವನ ಬೆರಳಲ್ಲಿ ಗ್ರೀಸೂ ಇತ್ತು. ಮೊದಲ ಬೆಂಚಿನಲ್ಲಿ ಅತ್ತೆಯವರು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

"ಹತ್ತೊಂಬತ್ತು," ಎಂದರು ತನಿಖಾಧಿಕಾರಿಗಳು.

ಪ್ರಾಂಶುಪಾಲರ ಹಣೆಯಲ್ಲಿ ಬೆವರು ಮೂಡಿತು. ತನಿಖಾಧಿಕಾರಿಗಳ ಲೇಖನಿಯ ಮುಚ್ಚಳ ತೆರೆಯಿತು.

ಆಗ ಮೆಟ್ಟಿಲಿನಲ್ಲಿ ಧಡಧಡ ಸದ್ದಾಯಿತು. ಏದುಸಿರು ಬಿಡುತ್ತ, ಹೊಸ ಪುಸ್ತಕವನ್ನು ಎದೆಗವಚಿಕೊಂಡು, ಒದ್ದೆ ಕೊಡೆ ಹಿಡಿದು ಇಪ್ಪತ್ತನೆಯ ವಿದ್ಯಾರ್ಥಿ ಕಾಣಿಸಿಕೊಂಡರು. ಪ್ರಾಂಶುಪಾಲರನ್ನು ಕಂಡು ಗಾಬರಿಯಾದರು, ತನಿಖಾಧಿಕಾರಿಗಳನ್ನು ಕಂಡು ಇನ್ನಷ್ಟು ಗಾಬರಿಯಾದರು. ಆ ಗಾಬರಿಯಲ್ಲಿ ಅವರ ಕೈ, ಯಜಮಾನನನ್ನು ಒಂದು ಮಾತೂ ಕೇಳದೆ, ಕೊಡೆಯನ್ನು ಹೊರಗಿನ ಮೊಳೆಗೆ ಸಿಕ್ಕಿಸಿಬಿಟ್ಟಿತು.

ಕೊಡೆಯಿಂದ ನೀರು ತೊಟ್ಟಿಕ್ಕುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ತನಿಖಾಧಿಕಾರಿಗಳು ಕೊಡೆಯನ್ನು ನೋಡಿದರು. ಪ್ರಾಂಶುಪಾಲರನ್ನು ನೋಡಿದರು. ಪ್ರಾಂಶುಪಾಲರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮೊದಲ ಬೆಂಚಿನಿಂದ, ಹಿಂದೆ ತಿರುಗದೆಯೇ, ಇಂಪಾದ ಧ್ವನಿಯೊಂದು ಹೇಳಿತು:

"ಕೊಡೆ ಒಳಗೆ ತನ್ನಿ ಅಳಿಯಂದಿರೇ."